ಕೋಲಿನ ಇನ್ನೊಂದು ತುದಿ

ನಮ್ಮ ಊರಿನಲ್ಲಿ ಹೊತ್ತು ನೆತ್ತಿಗೆ ಬಂದ ಕೂಡಲೇ ಸದ್ದು ಹೋಗುತ್ತದೆ. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರುತ್ತದೆ. ನಡುವಿನ ಹೊತ್ತಿಗೆ ನಮ್ಮವರು ಕಿವಿಮುಚ್ಚು ಎನ್ನುತ್ತಾರೆ. ಸದ್ದು ಹೋದದ್ದು ನನಗೆ ತಿಳಿಯುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ನನ್ನ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿದೆ. ನನಗೆ ಕಾಣುವುದು ಕೈಗಳು. ಅಲ್ಲಿಯವರೆಗೆ ಜೋಲುಬಿದ್ದಿದ್ದ ಕೈಗಳು ಬಜಾರಿನ ತುಂಬ ಒಮ್ಮೆಗೇ ಮೇಲೇಳುತ್ತವೆ. ಕಾಯಿಪಲ್ಯದವಳು ಬೆರಳಿನಲ್ಲಿ ದರ ಹೇಳುತ್ತಾಳೆ. ಜಗಳವಾಡುವವರು ಬೈಗುಳವನ್ನು ಅರ್ಧಕ್ಕೆ ಬಿಡದೆ ಬಾಯಿಯಿಂದ ಕೈಗೆ ದಾಟಿಸಿಕೊಳ್ಳುತ್ತಾರೆ. ಶಾಲೆಯ ಮಕ್ಕಳು ಉಳಿದ ಮಗ್ಗಿಯನ್ನು ಕೈಯಲ್ಲೇ ಮುಗಿಸುತ್ತಾರೆ.

ಆ ಹೊತ್ತಿನಲ್ಲಿ ಊರಿಗೆಲ್ಲ ನನ್ನ ಮೇಲೆ ಎಲ್ಲಿಲ್ಲದ ನೆಂಟಸ್ತನ. ಎದುರಾದವರೆಲ್ಲ ಎದೆ ಮುಟ್ಟಿಕೊಂಡು, ಕಿವಿ ತೋರಿಸಿ, ತಲೆ ಓಲಾಡಿಸುತ್ತಾರೆ: ನಿನ್ನ ಕಷ್ಟ ನಮಗೂ ಗೊತ್ತವ್ವಾ, ದಿನಾ ಅರ್ಧ ದಿನ ನಾವೂ ಕಿವುಡರ ಅಲ್ಲೇನು? ಸಂಜೆ ಸದ್ದು ಬಂದ ಮೇಲೆ ಅದೇ ಜನ ನನಗೆ ಬೆನ್ನು ತಿರುಗಿಸಿ ನಿಂತು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ. ತುಟಿ ಕಾಣದಿದ್ದರೆ ನನಗೆ ಏನೂ ಉಳಿಯುವುದಿಲ್ಲ ಎಂಬುದು ಅವರ ತಲೆಗೆ ಇಂದಿಗೂ ಹೋಗಿಲ್ಲ. ಕಷ್ಟವನ್ನು ಅರ್ಧ ದಿನಕ್ಕೆ ಬಾಡಿಗೆ ಹಿಡಿದವರು ಅದರ ಮಾಲೀಕರಂತೆ ಮಾತಾಡುವುದನ್ನು ನಾನು ನಮ್ಮ ಊರಿನಲ್ಲಿ ನೋಡಿದಷ್ಟು ಇನ್ನೆಲ್ಲೂ ನೋಡಿಲ್ಲ. ಬೇರೆ ಊರನ್ನೂ ನೋಡಿಲ್ಲ ಎನ್ನಿ.

ನನ್ನ ಹೆಸರು ಕಾಶಿಂಬಿ. ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರ ಮನೆತನ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನೂ ಅದರ ಹಿಂದಿನ ಗೋದಾಮನ್ನೂ ನಾನೇ ನೋಡಿಕೊಳ್ಳುತ್ತೇನೆ. ಊರಿನ ಅಂಗವಿಕಲರಿಗಾಗಿ ನಡೆಯುವ ಸೇವಾ ಭವನಕ್ಕೆ ಗಾದಿ, ದಿಂಬು ಹೋಗುವುದು ನಮ್ಮಲ್ಲಿಂದಲೇ. ಅದನ್ನು ನಡೆಸುವ ಸಂಘದ ಅಧ್ಯಕ್ಷರು ನರಹರಿರಾಯರು. ಒಳ್ಳೆಯ ಮನುಷ್ಯರೆಂದು ಹೆಸರು. ಕೆಲವು ವರ್ಷಗಳಿಗೊಮ್ಮೆ ನಮ್ಮಂಥವರನ್ನು ಕರೆಯುವ ಹೆಸರು ಬದಲಾಯಿಸಿ, ಭವನದ ಬೋರ್ಡಿಗೆ ಹೊಸ ಬಣ್ಣ ಹೊಡೆಸಿ, ದೊಡ್ಡದೇನನ್ನೋ ಮಾಡಿದವರಂತೆ ಬೆವರು ಒರೆಸಿಕೊಳ್ಳುತ್ತಾರೆ.

ಭವನದಲ್ಲಿ ಕಣ್ಣಿಲ್ಲದವರ ಕೋಣೆ ಬೇರೆ. ಕಿವಿಮುಚ್ಚು ಶುರುವಾಗುವ ಮೊದಲು ಅವರನ್ನೆಲ್ಲ ಒಳಗೆ ಕೂಡಿಸಿ ಹೊರಗಿನಿಂದ ಚಿಲಕ ಹಾಕುತ್ತಾರೆ. ಕೈಮಾತು ಕಾಣದು, ಬಾಯಿಮಾತು ಕೇಳದು, ಹೊರಗೆ ಬಿಟ್ಟರೆ ಎಲ್ಲಿಯಾದರೂ ಬಿದ್ದಾರು ಎಂಬುದು ಕಾರಣ. ಕೋಣೆಗೆ ಇಟ್ಟ ಹೆಸರು ವಿಶ್ರಾಂತಿ ಕೊಠಡಿ. ಚಿಲಕ ಹೊರಗಿರುವ ವಿಶ್ರಾಂತಿ.

ಗಾಳೆವ್ವ ಆ ಕೋಣೆಯವಳು. ಚಪ್ಪಲಿ ಹೊಲಿಯುವವರ ಕೇರಿಯ ಹೆಣ್ಣು, ಹುಟ್ಟುಗುರುಡಿ. ಅಪ್ಪ ಇರುವತನಕ ಅವನ ಪಕ್ಕ ಕೂತು ಅಟ್ಟೆ ಹೊಲಿದವಳು. ಅಪ್ಪ ಸತ್ತ ಮೇಲೆ ಅಣ್ಣಂದಿರು ಭವನದಲ್ಲಿ ಬಿಟ್ಟು ಹೋದರು. ನಾನು ಗಾದಿ ಹಾಕಲು ಹೋದ ಮೊದಲ ದಿನವೇ ಅವಳನ್ನು ನೋಡಿದೆ. ಭವನದ ಕೆಲಸದವನು ರುದ್ರಪ್ಪ ಒಬ್ಬೊಬ್ಬರನ್ನೇ ಕೈ ಹಿಡಿದು ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದ. ಗಾಳೆವ್ವನ ಸರದಿ ಬಂದಾಗ ಗೋಡೆಗೆ ಒರಗಿಸಿದ್ದ ಬಿದಿರುಕೋಲು ತೆಗೆದು, ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾನು ಹಿಡಿದು ಎಳೆದುಕೊಂಡು ಹೋದ. ನಾನು ನಕ್ಕುಬಿಟ್ಟೆ. ನನ್ನ ನಗು ಜೋರು, ಅದರ ಅಳತೆ ನನಗೆ ಗೊತ್ತಾಗುವುದಿಲ್ಲ. ಗಾಳೆವ್ವ ನನ್ನತ್ತ ಮುಖ ತಿರುಗಿಸಿ, "ಯಾರದು ನಗಾಕಿ?" ಎಂದಳು. "ಗಾದಿ ಕಾಶಿಂಬಿ" ಎಂದೆ. "ನಗು ನಗು. ಕೋಲು ಹಿಡಿದ್ರ ಜಾತಿ ಕೆಡೂದಿಲ್ಲಂತ ಇವಂಗ ಯಾರೋ ಹೇಳ್ಯಾರ" ಎಂದಳು. ಅವಳ ತುಟಿ ಓದುವುದು ಅಷ್ಟು ಸಲೀಸು; ಮಾತಿಗೊಂದು ಮೊನೆ ಇರುತ್ತಿತ್ತು.

ಅಂದಿನಿಂದ ಗೆಳೆತನ. ಬೆಳಿಗ್ಗೆ ನನ್ನ ಮಾತು ಅವಳ ಕಿವಿಗೆ ಬೀಳುತ್ತಿತ್ತು, ಅವಳ ತುಟಿ ನನ್ನ ಕಣ್ಣಿಗೆ ಬೀಳುತ್ತಿತ್ತು. ಕಿವಿಮುಚ್ಚಿನಲ್ಲಿ ಅವಳು ತುಟಿ ಆಡಿಸುವಳು, ನಾನು ಅವಳ ಅಂಗೈಯಲ್ಲಿ ಬರೆಯುವ ಬದಲು ಮುಟ್ಟಿ ಹೇಳುವೆ. ಅಂಗೈ ಬುಡ ಒತ್ತಿದರೆ ಮನೆ, ಹೆಬ್ಬೆರಳಿನ ಉಬ್ಬು ಒತ್ತಿದರೆ ಊಟ, ಮಣಿಕಟ್ಟು ಹಿಂಡಿದರೆ ಸುಳ್ಳು, ಹೀಗೆ ನಾವಿಬ್ಬರೂ ಕಟ್ಟಿಕೊಂಡ ಮಾತು. ಅದನ್ನು ಆಡಲೆಂದು ಅವಳನ್ನು ಕೋಣೆಗೆ ಹಾಕುವ ಮೊದಲು ನಾನು ಅಂಗಳಕ್ಕೆ ಕರೆದುಕೊಂಡು ಬರುತ್ತಿದ್ದೆ. ರುದ್ರಪ್ಪನಿಗೆ ಕೋಲು ಹಿಡಿಯುವ ಕೆಲಸ ತಪ್ಪಿತೆಂದು ಸಂತೋಷ. ಇಡೀ ಊರಿನಲ್ಲಿ ಸದ್ದು ಹೋದರೂ ಬಂದರೂ ವ್ಯತ್ಯಾಸವಾಗದಂತೆ ಹರಟೆ ಹೊಡೆಯುತ್ತಿದ್ದವರು ನಾವಿಬ್ಬರೇ ಇರಬೇಕು.

ಹೀಗಿರುವಾಗ ಒಂದು ಬೆಳಿಗ್ಗೆ ನರಹರಿರಾಯರು ನನ್ನ ಅಂಗಡಿಗೆ ಬಂದರು. ಅವರ ಮೀಸೆ ದಟ್ಟ, ತುಟಿ ಕಾಣುವುದು ಕಷ್ಟ. ನಾನು ಕಣ್ಣು ಕಿರಿದು ಮಾಡಿ ಕೂತೆ.

"ನೋಡು ಕಾಶಿಂಬಿ, ಇನ್ನ ಮ್ಯಾಲೆ ನಮ್ಮ ಸೇವೆದಾಗ ಎಲ್ಲಾ ಕೇರಿಯವರೂ ಮುಂದ ಬರಬೇಕು ಅಂತ ಮ್ಯಾಲಿಂದ ಹೇಳ್ಯಾರ. ಒಂದೊಂದು ಸಮಾಜದಿಂದ ಒಬ್ಬೊಬ್ಬರನ್ನ ನಾಯಕರನ್ನಾಗಿ ತಯಾರು ಮಾಡೋದು. ನಿನ್ನ ಹೆಸರು ಹಾಕೇನಿ."

"ನಾ ಯಾಕ್ರೀ?"

"ನೀ ಹೆಣ್ಣುಮಗಳು, ಮುಸಲ್ಮಾನರಾಕಿ, ಮತ್ತ ಕಿವಿ ಬ್ಯಾರೆ ಇಲ್ಲ" ಎಂದು ಮೂರು ಬೆರಳು ಮಡಚಿದರು. ಮೂರು ಖುರ್ಚಿಗೆ ಒಬ್ಬಳನ್ನೇ ಕೂಡಿಸಿದ ಜಾಣತನ ಅವರ ಮುಖದ ಮೇಲೆ ಹೊಳೆಯುತ್ತಿತ್ತು.

"ಗಾಳೆವ್ವನ ಕೇರಿಯಿಂದ ಗಾಳೆವ್ವನ್ನ ತೊಗೊಂಡೀರೇನು?"

ಇಲ್ಲವಂತೆ. ಆ ಕೇರಿಯಿಂದ ಪುರಸಭೆ ಸದಸ್ಯನ ಅಳಿಯನನ್ನು ಆರಿಸಿದ್ದರು. ಅವನ ಎಡಗೈ ಕಿರುಬೆರಳು ಎಂದೋ ಬಾಗಿಲಿಗೆ ಸಿಕ್ಕಿ ಹೋಗಿತ್ತು, ಅಷ್ಟು ಸಾಕಾಗಿತ್ತು. "ಕಣ್ಣಿಲ್ಲದಾಕಿ ಕಿವಿಮುಚ್ಚಿನ ಹೊತ್ತಿನ್ಯಾಗ ಏನು ನಾಯಕತ್ವ ಮಾಡ್ಯಾಳು? ನೀನ ಹೇಳು" ಎಂದರು ರಾಯರು.

ನನಗೆ ಹೋಗುವ ಮನಸ್ಸಿರಲಿಲ್ಲ. ಗಾಳೆವ್ವನೇ ಒತ್ತಾಯ ಮಾಡಿದಳು. "ಹೋಗಕ್ಕಾ. ನಮ್ಮ ಬಗ್ಗೆ ನಾವಿಲ್ಲದಾಗ ಏನು ಮಾತಾಡ್ತಾರ ಅಂತ ನನಗ ಬಂದು ಹೇಳು. ಬ್ಯಾಸರಕಿ ಕಳೀತದ."

ತರಬೇತಿ ಭವನದ ದೊಡ್ಡ ಹಾಲಿನಲ್ಲಿ, ಬೆಳಗಿನ ಹೊತ್ತು. ಮೈಕು ಬೇಕಲ್ಲ, ಅದಕ್ಕೆ. ಪಾಠ ಹೇಳಲು ದೂರದ ನಗರದಿಂದ ಮಂದಾಕಿನಿ ಎಂಬ ಮೇಡಂ ಬಂದಿದ್ದರು. ಮೈಕು ಅವರ ಬಾಯಿಗೆ ಅಡ್ಡ ಇರುತ್ತಿದ್ದರಿಂದ ಮೊದಲ ದಿನ ಪೂರ್ತಿ ನನಗೆ ಏನೂ ತಿಳಿಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ. ಎರಡನೇ ದಿನ ಎದ್ದು ನಿಂತು, "ಮೈಕು ತೆಗೀರಿ, ನನಗ ನಿಮ್ಮ ಬಾಯಿ ಕಾಣವಲ್ದು" ಎಂದೆ. ಮೇಡಂ ಗಾಬರಿಯಾಗಿ ಮೈಕು ಕೆಳಗಿಟ್ಟರು. ಆಮೇಲೆ ಹಿಂದಿನ ಸಾಲಿನವರು ಕೇಳಿಸುತ್ತಿಲ್ಲವೆಂದು ಗಲಾಟೆ ಮಾಡಿದರಂತೆ. ಮೈಕು ಮತ್ತೆ ಮೇಲೆ ಬಂತು. ಒಬ್ಬರ ಸಲುವಾಗಿ ಎಲ್ಲರಿಗೂ ತೊಂದರೆ ಕೊಡುವುದು ಸರಿಯಲ್ಲ ಎಂದು ರಾಯರು ನನಗೆ ಸನ್ನೆಯಲ್ಲಿ ಬುದ್ಧಿ ಹೇಳಿದರು. ಎಲ್ಲರನ್ನೂ ಒಳಗೊಳ್ಳುವುದು ಹೇಗೆ ಎಂಬುದು ಆ ದಿನದ ಪಾಠವಾಗಿತ್ತೆಂದು ನನಗೆ ಆಮೇಲೆ ಗೊತ್ತಾಯಿತು.

ಇನ್ನೊಂದು ದಿನ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿಸಿದರು. ಕುರುಡರ ಬಾಳು ಏನೆಂದು ಅನುಭವಿಸಬೇಕಂತೆ. ನಾನು ಕಟ್ಟಿಕೊಳ್ಳಲಿಲ್ಲ, ಕಣ್ಣೂ ಹೋದರೆ ನನ್ನ ಬಳಿ ಉಳಿಯುವುದು ಮೂಗು ಒಂದೇ. ಹೀಗಾಗಿ ಆ ಮೋಜನ್ನು ನಾನೊಬ್ಬಳೇ ನೋಡಿದೆ. ನಾಯಕರೆಲ್ಲ ಖುರ್ಚಿಗೆ ಢಿಕ್ಕಿ ಹೊಡೆಯುತ್ತ, ಒಬ್ಬರ ಹೊಟ್ಟೆಗೆ ಒಬ್ಬರು ಕೈ ಹಾಕುತ್ತ ತಿರುಗಿದರು. ಬಟ್ಟೆ ಬಿಚ್ಚಿದಾಗ ರಾಯರ ಕಣ್ಣಲ್ಲಿ ನೀರು. "ಇವತ್ತ ನನ್ನ ಒಳಗಣ್ಣು ತೆರೀತು" ಎಂದರು. ನಿಜವಾಗಿ ಕಣ್ಣಿಲ್ಲದವರು ಪಕ್ಕದ ಗೋಡೆಯ ಆಚೆ ಕೂತಿದ್ದರು. ಅಳುವಿನ ಕಾರ್ಯಕ್ರಮ ಮುಗಿದ ಮೇಲೆ ರುದ್ರಪ್ಪ ಹೋಗಿ ಅವರ ಕೋಣೆಗೆ ಎಂದಿನಂತೆ ಚಿಲಕ ಹಾಕಿ ಬಂದ.

ಇದನ್ನೆಲ್ಲ ಗಾಳೆವ್ವನ ಅಂಗೈಯಲ್ಲಿ ಹೇಳುವಾಗ ಅವಳು ಮೈ ಕುಲುಕಿಸಿ ನಗುತ್ತಿದ್ದಳು. "ಒಳಗಣ್ಣು ತೆರೀತಂತ? ಹೊರಗಿನ ಚಿಲಕ ತೆರಿ ಅನ್ನಕ್ಕಾ ಅವರಿಗೆ."

ಕೊನೆಯ ದಿನ ಸಮಾರಂಭ. ರಾಜಧಾನಿಯಿಂದ ದೊಡ್ಡ ಅಧಿಕಾರಿ ಬರುವವರಿದ್ದರು. ಭವನದ ಒಬ್ಬ ಕುರುಡ ಹೆಣ್ಣುಮಗಳಿಗೆ, ಅದೂ ತೀರ ಕೆಳಗಿನ ಕೇರಿಯವಳಿಗೆ, ಅವರ ಕೈಯಿಂದ ಬಿಳಿಕೋಲು ಕೊಡಿಸಿದರೆ ಫೋಟೊ ಚೆನ್ನಾಗಿ ಬರುತ್ತದೆಂದು ಯಾರಿಗೋ ಹೊಳೆಯಿತು. ನಾಯಕಿಯಾಗಲು ಬೇಡವಾದ ಗಾಳೆವ್ವ ಫೋಟೊಗೆ ಬೇಕಾದಳು. ಅವಳಿಗೆ ಹಸಿರು ಸೀರೆ ಉಡಿಸಿದರು. ಉಡಿಸಿದ್ದು ನಾನು, ಬೇರೆ ಯಾರು ಉಡಿಸಬೇಕು?

ಅಧಿಕಾರಿ ತಡವಾಗಿ ಬಂದರು. ಭಾಷಣಗಳು ಬೆಳೆದವು. ರಾಯರು ಮೈಕಿನ ಮುಂದೆ ಇರುವಾಗಲೇ ಸಭೆಯ ಕೈಗಳು ಮೇಲೆದ್ದವು, ಜನ ನಕ್ಕರು. ಸದ್ದು ಹೋಗಿತ್ತು. ರಾಯರೂ ನಗುತ್ತ ಮೈಕು ಬಿಟ್ಟು, ಉಳಿದ ಭಾಷಣವನ್ನು ಕೈಯಲ್ಲಿ ಮುಗಿಸಿ, ಗಾಳೆವ್ವನನ್ನು ಕರೆತರಲು ಸನ್ನೆ ಮಾಡಿದರು.

ನಾನು ನಾಯಕರ ಸಾಲಿನಲ್ಲಿ, ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು, ವೇದಿಕೆಯ ಇನ್ನೊಂದು ಬದಿಗೆ ಕೂತಿದ್ದೆ. ರುದ್ರಪ್ಪ ಬಿದಿರುಕೋಲಿನ ತುದಿ ಹಿಡಿದು ಅವಳನ್ನು ಮೆಟ್ಟಿಲು ಹತ್ತಿಸಿದ. ನಡುವೇದಿಕೆಗೆ ಬಂದಾಗ ಅಧಿಕಾರಿ ಅವನ ಕಡೆ ನೋಡಿದರು. ಅವನು ಕೋಲು ಬಿಟ್ಟು ಎರಡೂ ಕೈ ಜೋಡಿಸಿದ. ಗಾಳೆವ್ವನ ಕೈಯಲ್ಲಿ ಕೋಲು ಹಗುರಾಯಿತು. ಮುಂದೆ ಬರಬೇಕೆಂದು ತಿಳಿದಳೋ ಏನೋ, ಹೆಜ್ಜೆ ಇಟ್ಟಳು. ವೇದಿಕೆಯ ಅಂಚು ಅಲ್ಲೇ ಇತ್ತು.

ಆಗ ನಾನು ಕಂಡದ್ದನ್ನು ಸಾಯುವತನಕ ಮರೆಯಲಾರೆ. ಸಭೆಗೆ ಸಭೆಯೇ ಎದ್ದು ನಿಂತು ಅವಳಿಗೆ ಕೈಸನ್ನೆ ಮಾಡತೊಡಗಿತು. ನಿಲ್ಲು, ನಿಲ್ಲು, ಹಿಂದೆ ಹೋಗು. ಎಷ್ಟೊಂದು ಕೈಗಳು, ಎಲ್ಲವೂ ಗಾಳಿಯಲ್ಲಿ. ರಾಯರು ಅವಳಿಂದ ತೋಳಿನಷ್ಟು ದೂರದಲ್ಲಿ ನಿಂತು ಅಂಗೈ ಎತ್ತಿ ತಡೆದರು, ಮುಟ್ಟಲಿಲ್ಲ. ರುದ್ರಪ್ಪ ಬಗ್ಗಿ ಕೋಲಿನ ತುದಿ ಹುಡುಕುತ್ತಿದ್ದ. ಕಿರುಬೆರಳಿನ ನಾಯಕ ಉಳಿದ ಒಂಬತ್ತು ಬೆರಳನ್ನೂ ಆಡಿಸುತ್ತಿದ್ದ. ಕುರುಡಿಗೆ ಕೈಮಾತು ಕಾಣುವುದಿಲ್ಲವೆಂದು ಕೋಣೆ ಕಟ್ಟಿ ಚಿಲಕ ಹಾಕಿದವರೇ ಆ ಕುರುಡಿಗೆ ಕೈಯಲ್ಲಿ ಕೂಗುತ್ತಿದ್ದರು. ನಾನು ಖುರ್ಚಿಗಳನ್ನು ತಳ್ಳಿಕೊಂಡು ಓಡಿದೆ. ತಲುಪುವ ಮೊದಲೇ ಅವಳು ಬಿದ್ದಳು.

ಬಲಗೈ ಮೈಯಡಿ ಸಿಕ್ಕಿತ್ತು. ಹಣೆ ಒಡೆದು ರಕ್ತ. ಸುತ್ತ ಜನ ಗುಂಪುಗೂಡಿ, ಎತ್ತಿ ಎತ್ತಿ ಎಂದು ಒಬ್ಬರಿಗೊಬ್ಬರು ಸನ್ನೆ ಮಾಡಿದರು. ನನ್ನ ಜೊತೆ ಅವಳನ್ನು ಎತ್ತಿದ್ದು ಮಂದಾಕಿನಿ ಮೇಡಂ ಒಬ್ಬರೇ. ಅವರಿಗೆ ನಮ್ಮ ಕೈಮಾತು ಬರುತ್ತಿರಲಿಲ್ಲ, ಅದಕ್ಕೇ ಇರಬೇಕು, ಕೈಯನ್ನು ಕೈಯ ಕೆಲಸಕ್ಕೆ ಬಳಸಿದರು. ಸೀರೆಯ ತುಂಬ ರಕ್ತ ಮಾಡಿಕೊಂಡು ಆಸ್ಪತ್ರೆಯವರೆಗೆ ಬಂದರು, ಅತ್ತರು, ಮರುದಿನದ ಬಸ್ಸಿಗೆ ಹೊರಟುಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇದ್ದು ಸಂಘದವರಿಗೆ ಒಂದು ಮಾತು ಹೇಳಿ ಹೋಗಬಹುದಿತ್ತು, ಅಷ್ಟೇ.

ಗಾಳೆವ್ವನ ಮುಂಗೈ ಮುರಿದಿತ್ತು. ಪ್ಲಾಸ್ಟರು ಬೆರಳಿನ ಗಿಣ್ಣಿನವರೆಗೆ. ನಮ್ಮ ಮಾತೆಲ್ಲ ಆ ಅಂಗೈಯಲ್ಲಿತ್ತು. ಎಡಗೈಯಲ್ಲಿ ಹೇಳಹೋದರೆ ಅವಳಿಗೆ ಎಲ್ಲ ತಿರುವುಮುರುವು, ಊಟ ಎಂದದ್ದು ಸುಳ್ಳಾಗುತ್ತಿತ್ತು. "ತಪ್ಪೇನಿಲ್ಲ ಬಿಡು, ಇಲ್ಲಿ ಊಟಾನೂ ಸುಳ್ಳ" ಎಂದು ತುಟಿ ಆಡಿಸಿದಳು. ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ.

ಸಂಘದ ಸಭೆಗೆ ಈಗ ನನಗೂ ಖುರ್ಚಿ ಇತ್ತು. ನಡೆದದ್ದರ ಬಗ್ಗೆ ಚರ್ಚೆಯಾಗಿ, ಇನ್ನು ಮುಂದೆ ಕಣ್ಣಿಲ್ಲದವರನ್ನು ವೇದಿಕೆಗೆ ಹತ್ತಿಸಬಾರದು, ವಿಶ್ರಾಂತಿ ಕೊಠಡಿಗೆ ಇನ್ನೊಂದು ಚಿಲಕ ಹಾಕಿಸಬೇಕು ಎಂದು ತೀರ್ಮಾನವಾಯಿತು. ನಾನು ಎದ್ದೆ. "ಚಿಲಕ ತೆಗೀರಿ. ಕೋಲು ಒಲಿಗೆ ಹಾಕ್ರಿ. ಆಕಿ ಕೈ ಹಿಡೀಲಿಕ್ಕೆ ಒಲ್ಲೆ ಅನ್ನಾವ ಈ ಭವನದಾಗ ಕೆಲಸಕ್ಕ ಬ್ಯಾಡ" ಎಂದೆ. ನನ್ನ ದನಿ ಎಷ್ಟು ಏರಿತ್ತೋ, ಕೆಲವರು ಕಿವಿ ಮುಚ್ಚಿಕೊಂಡರು.

ರಾಯರು ಮೀಸೆ ಸರಿಸಿ, ನನಗೆ ತಿಳಿಯಲೆಂದು ನಿಧಾನವಾಗಿ ಹೇಳಿದರು: "ಇದು ಸೂಕ್ಷ್ಮ ವಿಚಾರ, ಕಾಶಿಂಬಿ. ತರಬೇತ್ಯಾಗ ಏನು ಕಲಿತಿವಿ? ಎಲ್ಲಾರ ಸಂಸ್ಕೃತಿಗೂ ಗೌರವ ಕೊಡಬೇಕು. ಹಂಗಾದ್ರ ರುದ್ರಪ್ಪಂದೂ ಒಂದು ಸಂಸ್ಕೃತಿ ಅದಲ್ಲ? ಅದನ್ನೂ ನಾವು ಒಳಗ ತೊಗೋಬೇಕಲ್ಲ?"

ಎಲ್ಲರೂ ತಲೆ ಆಡಿಸಿದರು. ಕೇರಿಕೇರಿಯಿಂದ ಆರಿಸಿ ತಂದ ತಲೆಗಳು, ಎಲ್ಲವೂ ಒಂದೇ ಕಡೆ ಆಡಿದವು. ಅಷ್ಟು ಖರ್ಚು ಮಾಡಿ ಕಲಿತ ಮಾತು ಕೊನೆಗೆ ಕೋಲಿಗೆ ಕಾವಲಾಗಿ ನಿಂತಿತು. ನಾನು ಬಿಲ್ಲೆ ಬಿಚ್ಚಿ ರಾಯರ ಚಹಾ ಕಪ್ಪಿನಲ್ಲಿ ಹಾಕಿ ಹೊರಗೆ ಬಂದೆ.

ಗಾಳೆವ್ವನ ಹತ್ತಿರ ಹೋಗಿ, "ನಡಿ, ನಮ್ಮ ಮನಿಗೆ ಹೋಗೂಣು" ಎಂದೆ.

"ನಾ ಒಬ್ಬಾಕಿ ಬರೂದಿಲ್ಲ. ಕೋಣ್ಯಾಗಿನವರನ್ನ ಕೇಳಬೇಕು."

"ಅವರು ನಿನ್ನ ಮಾತು ಕೇಳ್ತಾರ?"

"ಆ ಕೋಣ್ಯಾಗ ನಾವು ಸುಮ್ಮನ ಕುಂತಿರ್ತೀವಿ ಅಂತ ತಿಳಿದೀಯೇನು?" ಎಂದಳು. ಆಗ ಹೇಳಿದಳು. ನಾನು ಬಾರದ ದಿನಗಳಲ್ಲಿ, ಚಿಲಕ ಬಿದ್ದು ಸದ್ದು ಹೋದ ಮೇಲೆ, ಬಾಗಿಲ ಬಳಿಯ ತನ್ನ ಚಾಪೆಯಿಂದೆದ್ದು ಅವಳು ಒಬ್ಬೊಬ್ಬರ ಬಳಿ ಹೋಗಿ ಕೂರುತ್ತಿದ್ದಳು. ನಮ್ಮ ಅಂಗೈಮಾತನ್ನು ಅವರಿಗೆಲ್ಲ ಕಲಿಸಿದ್ದಳು. ಕಣ್ಣಿಲ್ಲ, ಸದ್ದಿಲ್ಲ, ಕೈ ಬಂತೆಂದರೆ ಕೈ, ಅಷ್ಟೇ. ಯಾರದೆಂದು ಯಾರೂ ಕೇಳಿರಲಿಲ್ಲ. ಒಂದು ಕಾಲಕ್ಕೆ ಪೌರೋಹಿತ್ಯ ಮಾಡಿಕೊಂಡಿದ್ದ ವೆಂಕಣ್ಣಾಚಾರ್ಯರಂತೂ ಮಧ್ಯಾಹ್ನವೆಲ್ಲ ಆ ಕೈಗೆ ತಮ್ಮ ಸತ್ತ ಹೆಂಡತಿಯ ಸುದ್ದಿ ಹೇಳುತ್ತಿದ್ದರಂತೆ.

ಮರುದಿನ ಹೊತ್ತು ಏರುತ್ತಿದ್ದಾಗ, ಚಿಲಕ ಬೀಳುವ ಮೊದಲು, ಎಲ್ಲರೂ ಕೋಣೆಯಲ್ಲಿ ಇರುವಾಗ, ಗಾಳೆವ್ವ ನಡುವೆ ನಿಂತು ಬಾಯಿ ಬಿಟ್ಟೇ ಹೇಳಿದಳು: "ನಾ ಗಾಳೆವ್ವ, ಚಪ್ಪಲಿ ಹೊಲಿಯೋರ ಕೇರಿಯಾಕಿ. ಕಿವಿಮುಚ್ಚಿನ್ಯಾಗ ನಿಮ್ಮ ಕೈಯಾಗ ಮಾತಾಡಾಕಿ ನಾನ. ಇವತ್ತ ಇಲ್ಲಿಂದ ಹೊಂಟೇನಿ. ನನ್ನ ಕೈ ಹಿಡಿದು ಬರೂರು ಬರ್ರಿ."

ಮೊದಲು ನೇಕಾರರ ಮುದುಕಿ ನೀಲಗಂಗವ್ವ ಮಂಚದಿಂದ ಇಳಿದಳು. "ನನಗ ಮೊದಲ ಗೊತ್ತಿತ್ತು. ಅಟ್ಟಿ ಹೊಲಿದ ಕೈ ತಿಳಿಯೂದಿಲ್ಲೇನು? ಕೇಳಿದ್ರ ಎಲ್ಲಿ ಕೈ ತಪ್ಪಿಹೋಗ್ತದೋ ಅಂತ ಸುಮ್ಮನಿದ್ದೆ" ಎಂದು ತಡಕಾಡುತ್ತ ಬಂದು ಗಾಳೆವ್ವನ ಭುಜ ಹಿಡಿದಳು. ಅವಳ ಹಿಂದೆ ಇನ್ನೂ ಮೂವರು ಎದ್ದರು. ಗಾಳೆವ್ವ ಮುಖವನ್ನು ಆಚಾರ್ಯರ ಮಂಚದ ಕಡೆ ತಿರುಗಿಸಿ ಕಾದಳು.

"ಇಷ್ಟು ದಿನ ನೀನ ಏನು?" ಎಂದರು ಅವರು.

"ನಾನರೀ, ಆಚಾರ್ರ."

ಅವರು ಎರಡೂ ಕೈಗಳನ್ನು ಹೊದ್ದ ಶಾಲಿನೊಳಗೆ ಎಳೆದುಕೊಂಡರು. ಗಾಳೆವ್ವನಿಗೆ ಅದು ಕಾಣಲಿಲ್ಲ. ನನಗೆ ಕಂಡಿತು, ನಾನು ಹೇಳಲಿಲ್ಲ. ಅವಳು ಇನ್ನೊಂದಿಷ್ಟು ಹೊತ್ತು ಕಾದು, ತಾನೇ ತಿಳಿದುಕೊಂಡು, "ನಡೀರಿ" ಎಂದಳು.

ಗೇಟು ದಾಟುವಷ್ಟರಲ್ಲಿ ಕಿವಿಮುಚ್ಚು ಶುರುವಾಯಿತು. ಮುಂದೆ ನಾನು, ನನ್ನ ಕೈಯಲ್ಲಿ ಗಾಳೆವ್ವನ ಎಡಗೈ, ಅವಳ ಭುಜ ಹಿಡಿದು ನೀಲಗಂಗವ್ವ, ಅವಳ ಹಿಂದೆ ಒಬ್ಬರ ಕೈ ಒಬ್ಬರು ಹಿಡಿದು ಉಳಿದವರು. ರುದ್ರಪ್ಪ ಕೋಲು ಹಿಡಿದುಕೊಂಡು ಓಡಿ ಬಂದ, ರಾಯರು ಬಂದರು, ಬಜಾರು ಅಂಗಡಿ ಬಿಟ್ಟು ಬಂತು. ಎರಡೂ ಬದಿಗೆ ಕೈಗಳು ಎದ್ದವು. ಎಲ್ಲಿಗೆ ಒಯ್ಯುತ್ತೀ, ಯಾರನ್ನು ಕೇಳಿದೆ, ಯಾರ ಕೈ ಯಾರು ಹಿಡಿದಿದ್ದಾರೆ ನೋಡು, ಕಳ್ಳಿ, ಮತಿಗೇಡಿ. ಮೊದಲ ಕೆಲವು ಬೈಗುಳ ಓದಿದೆ. ಆಮೇಲೆ ತಲೆ ತಗ್ಗಿಸಿ ನೆಲ ನೋಡುತ್ತ ನಡೆದೆ. ಹಿಂದಿದ್ದವರಿಗೆ ಅವರ ಕೈ ಕಾಣದು, ನಾನು ನೋಡಲು ಒಲ್ಲೆ. ಇಡೀ ಊರಿಗೆ ನಮ್ಮೊಂದಿಗೆ ಮಾತಾಡಲು ಉಳಿದ ದಾರಿ ಬಂದು ಮೈಮುಟ್ಟಿ ನಿಲ್ಲಿಸುವುದೊಂದೇ. ಗೋದಾಮು ಮುಟ್ಟುವವರೆಗೂ ಒಬ್ಬರೂ ಮುಟ್ಟಲಿಲ್ಲ.

ಈಗ ಅವರು ಗೋದಾಮಿನಲ್ಲೇ ಇದ್ದಾರೆ. ಅರಳೆ ಬಿಡಿಸುತ್ತಾರೆ, ದಿಂಬು ತುಂಬುತ್ತಾರೆ, ನನ್ನ ತಲೆ ತಿನ್ನುತ್ತಾರೆ. ಊರಿನ ಕೆಲವರು ಆ ಕೈಗಳು ತುಂಬಿದ ದಿಂಬು ಬೇಡವೆಂದು ಬೇರೆ ಕಡೆ ಹೋದರು. ಚಳಿಗಾಲ ಬಂದಾಗ ಅರ್ಧ ಜನ ತಿರುಗಿ ಬಂದರು. ನರಹರಿರಾಯರು, ತಮ್ಮಲ್ಲಿ ತರಬೇತಿ ಪಡೆದ ನಾಯಕಿಯೊಬ್ಬಳು ಸ್ವತಂತ್ರ ಶಾಖೆ ತೆರೆದಿದ್ದಾಳೆಂದು ಎಲ್ಲೋ ಭಾಷಣ ಮಾಡಿ ಹಾರ ಹಾಕಿಸಿಕೊಂಡರಂತೆ. ಹಾಕಿಕೊಳ್ಳಲಿ.

ಗಾಳೆವ್ವನ ಪ್ಲಾಸ್ಟರು ಬಿಚ್ಚಿ ಕೆಲಕಾಲವಾಗಿತ್ತು. ಒಂದು ಬೆಳಿಗ್ಗೆ ಭವನದ ರಿಕ್ಷಾ ಬಂದು ನಿಂತಿತು. ರುದ್ರಪ್ಪ ವೆಂಕಣ್ಣಾಚಾರ್ಯರನ್ನು ಕೈ ಹಿಡಿದು ಇಳಿಸಿ, ಹೊಸ್ತಿಲ ಬಳಿ ಬಿಟ್ಟು, ಒಳಗೆ ಇಣುಕದೆ ಹೋದ. ಆಚಾರ್ಯರು ಸೊರಗಿದ್ದರು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಕೂತರು.

"ಗಾಳೆವ್ವ ಅದಾಳೇನು?" ಎಂದು ಕೇಳಿದರು.

ನಾನು ಬೇಡವೆಂದು ಅವಳ ಮೊಣಕೈ ಹಿಡಿದೆ. ಶಾಲಿನೊಳಗೆ ಹೋದ ಆ ಕೈಗಳನ್ನು ನಾನು ಕಂಡಿದ್ದೆ. ಅವಳು ಮೊಣಕೈ ಬಿಡಿಸಿಕೊಂಡು, "ಅದೇನಿ. ಏನು ಬೇಕಾಗಿತ್ತರೀ?" ಎಂದಳು.

ಅವರು ಕೂತಲ್ಲೇ ಕೂತಿದ್ದಂತೆ ಹೊತ್ತು ನೆತ್ತಿಗೆ ಬಂತು, ಬೀದಿಯಲ್ಲಿ ಕೈಗಳು ಎದ್ದವು. ಆಚಾರ್ಯರು ತಮ್ಮ ಬಲಗೈಯನ್ನು ಹೊಸ್ತಿಲಿನಿಂದ ಒಳಗೆ ಚಾಚಿ, ಅಂಗೈ ಮೇಲೆ ಮಾಡಿ ಹಿಡಿದರು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ನಾನು ಗಾಳೆವ್ವನ ಅಂಗೈಯಲ್ಲಿ ಅದನ್ನು ಹೇಳಿದೆ.

ಅವಳು ಏಳಲಿಲ್ಲ. ಮಡಿಲಲ್ಲಿದ್ದ ಅರಳೆಯ ಗಂಟನ್ನು ಎಳೆಎಳೆಯಾಗಿ ಬಿಡಿಸುತ್ತ ಕೂತಳು. ಹೊಸ್ತಿಲಲ್ಲಿ ಚಾಚಿದ ಕೈ ಹಿಂದೆ ಸರಿಯಲಿಲ್ಲ. ಗಂಟು ಪೂರ್ತಿ ಬಿಚ್ಚಿದ ಮೇಲೆ ಗಾಳೆವ್ವ ಕೈಗೆ ಅಂಟಿದ ಹತ್ತಿ ಕೊಡವಿ, ಎದ್ದು, ಗೋಡೆ ಸವರಿಕೊಂಡು ಬಾಗಿಲ ಕಡೆ ಹೋದಳು.